ಹಳೆ ಓಟಿನ ಪಟ್ಟಿ ಹುಡುಕಿಕೊಂಡು ಕುಮಟಾ, ಭಟ್ಕಳ

ಮಂಗಳವಾರ ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಟೆ. ನಮ್ಮೂರಿಂದ ಹೊನ್ನಾವರಕ್ಕೆ ಆರು ಕಿಲೋಮೀಟರು, ಅಲ್ಲಿಂದ ಕುಮಟಾಕ್ಕೆ ಇಪ್ಪತ್ತು. ಹೆಂಗಸರಿಗೆ ಟಿಕೀಟು ಪುಕ್ಕಟೆ. ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ. ಕುಳಿತುಕೊಳ್ಳಲು ಜಾಗ ಮಾತ್ರ ಸಿಗಲಿಲ್ಲ, ಹಳದೀಪುರದ ತನಕ ನಿಂತೇ ಹೋದೆ. ಮಳೆ ಬಿಟ್ಟು ಹತ್ತು ದಿನವಾಗಿತ್ತು, ಬೆಳಿಗ್ಗೆಯೇ ಸೆಕೆ.

ಹೋಗುವ ಕಾರಣ ಇದು. ಓಟಿನ ಪಟ್ಟಿ ಹೊಸದಾಗಿ ಮಾಡುತ್ತಿದ್ದರು. ಇಪ್ಪತ್ತು ಚಿಲ್ಲರೆ ವರ್ಷದ ಹಿಂದಿನ ಹಳೆ ಪಟ್ಟಿಯಲ್ಲಿ ಹೆಸರಿದ್ದರೆ ಹೊಸತರಲ್ಲಿ ಬರುತ್ತದೆ. ನಮ್ಮೂರಿನ ಅಂಗನವಾಡಿ ಟೀಚರು ಸವಿತಾ ಮೊಬೈಲಿನಲ್ಲಿ ಹುಡುಕಿದಳು. ಗಿರಿಜಾ ಎನ್ನುವ ಹೆಸರು ನಮ್ಮ ಮನೆ ನಂಬರಿನಲ್ಲಿ ಇರಲಿಲ್ಲ. "ಅಜ್ಜಿ, ಶುಕ್ರವಾರದ ಒಳಗೆ ಪುರಾವೆ ತನ್ನಿ. ಇಲ್ಲದಿದ್ರೆ ನಿಮ್ಮ ಓಟು ಹೋಯ್ತು" ಎಂದಳು. ಮೂವತ್ತು ಚಿಲ್ಲರೆ ವರ್ಷ ಓಟು ಹಾಕಿದ್ದೇನೆ. ಮೊಣಕಾಲು ಬಾತುಕೊಂಡಾಗಲೂ ಹೋಗಿದ್ದೇನೆ. ಒಂದು ಕಾಗದಕ್ಕಾಗಿ ಬಿಡುವವಳಲ್ಲ ನಾನು.

ನಮ್ಮೂರಿನವರ ಓಟಿನ ಕಥೆ ಹೇಳಿಯೇ ಮುಂದೆ ಹೋಗಬೇಕು. ಮಾವ ಹೇಳುತ್ತಿದ್ದರು, ಅವರ ಮೊದಲ ಓಟು ಮುಂಬಯಿ ಸರ್ಕಾರಕ್ಕೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟಿದ್ದರಂತೆ. ಅತ್ತೆ ಪೆಟ್ಟಿಗೆಗೆ ಕೈಮುಗಿದು, ಮೇಲೆ ದಾಸಾಳ ಹೂ ಇಟ್ಟು ಚೀಟಿ ಹಾಕಿದ್ದಳಂತೆ. ಆಮೇಲೆ ಮೈಸೂರು ಬಂತು, ಕರ್ನಾಟಕ ಬಂತು. ನಾನು ಮದುವೆಯಾಗಿ ಬಂದಾಗ ನಮ್ಮ ಓಟು ಕುಮಟಾ ಕ್ಷೇತ್ರಕ್ಕೆ. ಮಕ್ಕಳು ದೊಡ್ಡವರಾದ ಮೇಲೆ ಯಾರೋ ಗೆರೆ ಬದಲಿಸಿ ನಮ್ಮನ್ನು ಭಟ್ಕಳಕ್ಕೆ ಹಾಕಿದರು. ಹೊನ್ನಾವರ ತಾಲೂಕನ್ನು ಎರಡು ಪಾಲು ಮಾಡಿ ಆಚೆ ಈಚೆ ಹಂಚಿದರು. ಕಾಲುಸೇತುವೆ ಕೇಳಿ ಕುಮಟಾದವರಿಗೆ ಕೊಟ್ಟ ಅರ್ಜಿ ಅಲ್ಲೇ ಸತ್ತಿತು. ಭಟ್ಕಳದವರಿಗೆ ಮೊದಲಿನಿಂದ ಬರೆಯಬೇಕಾಯಿತು. ನಮ್ಮ ಮನೆ ಮಾತ್ರ ಇದ್ದಲ್ಲೇ ಇದೆ.

ಹಳೆ ಪಟ್ಟಿ ಆಗಿನ ಕ್ಷೇತ್ರದ ಊರಿನಲ್ಲಿರುತ್ತದೆ. ಹಾಗಾಗಿ ಮೊದಲು ಕುಮಟಾ. ಬಸ್‌ಸ್ಟ್ಯಾಂಡಿನ ಹತ್ತಿರ ಬನ್ಸು, ಚಾ ಆಯಿತು, ನಲವತ್ತು ರೂಪಾಯಿ. ಕಚೇರಿಯಲ್ಲಿ ಒಬ್ಬಳು ಹುಡುಗಿ ಧೂಳು ಒರೆಸಿ ಪುಸ್ತಕ ಬಿಡಿಸಿದಳು. ಮಾವ ಇದ್ದರು, ನನ್ನ ಗಂಡ ಇದ್ದರು, ಅತ್ತೆ ಮಾದೇವಿ ಇದ್ದಳು. ಗಿರಿಜಾ ಇರಲಿಲ್ಲ.

"ಆ ವರ್ಷ ನೀವು ಎಲ್ಲಿದ್ರಿ ಅಮ್ಮ?" ಎಂದು ಕೇಳಿದಳು.

ಆಗ ನೆನಪಾಯಿತು. ಅಮ್ಮ ಹಾಸಿಗೆ ಹಿಡಿದ ವರ್ಷ ಅದು. ಏಳು ತಿಂಗಳು ಭಟ್ಕಳದ ಹತ್ತಿರದ ಬೆಳಕೆಯಲ್ಲಿ, ತವರಿನಲ್ಲಿದ್ದೆ. ಪಟ್ಟಿ ಬರೆಯಲು ಬಂದವರಿಗೆ ಗಂಡ "ಅವಳು ಇಲ್ಲಿಲ್ಲ" ಎಂದಿರಬೇಕು. ಸುಳ್ಳು ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ.

ವಾಪಸು ಬರುವಾಗ ಧಾರೇಶ್ವರದಲ್ಲಿ ಬಸ್ಸು ಕೆಟ್ಟು ಮುಕ್ಕಾಲು ಗಂಟೆ ಬಿಸಿಲಿನಲ್ಲಿ ಕುಳಿತೆ. ದೇವಸ್ಥಾನಕ್ಕೆ ಹೋಗಲಿಲ್ಲ. ಕಾಲು ನೋಯುತ್ತಿತ್ತು.

ಬುಧವಾರ ಭಟ್ಕಳ, ಹೊನ್ನಾವರದಿಂದ ನಲವತ್ತು ಕಿಲೋಮೀಟರು. ಮಾವಳ್ಳಿ ದಾಟುವಾಗ ಪಕ್ಕದಲ್ಲಿದ್ದ ಮೀನುಗಾರ ಹೆಂಗಸು ಬುಟ್ಟಿ ಸರಿಸಿ ಜಾಗ ಕೊಟ್ಟಳು. "ಎಲ್ಲಿಗೆ ಅಜ್ಜಿ?" ಎಂದಳು. "ನನ್ನನ್ನೇ ಹುಡುಕೂಕೆ" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ.

ಭಟ್ಕಳದ ಕಚೇರಿಯಲ್ಲಿ ಬೆಳಕೆಯ ಹಳೆ ಪಟ್ಟಿ ಸಿಕ್ಕಿತು. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ನಾಗಮ್ಮ. ಅವರ ಕೆಳಗೆ ಮಾದೇವಿ, ತಂದೆಯ ಹೆಸರು ಸಮೇತ. ಅದು ನಾನು. ಹುಟ್ಟಿದಾಗ ಇಟ್ಟ ಹೆಸರು ಅದೇ. ಅತ್ತೆಯ ಹೆಸರೂ ಅದೇ ಆಗಿದ್ದರಿಂದ ಮದುವೆಯ ದಿನ ಗಿರಿಜಾ ಎಂದು ಬದಲಿಸಿದರು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು "ನೀರು ತಾ" ಎಂದು ಕೂಗುವ ಹಾಗಿಲ್ಲ, ನಮ್ಮಲ್ಲಿ ಅದು ಪದ್ಧತಿ. ನನ್ನನ್ನು ಯಾರೂ ಕೇಳಲಿಲ್ಲ. ಆಮೇಲಿನ ಕಾಗದವೆಲ್ಲ ಗಿರಿಜಾ.

ಗುಮಾಸ್ತ ಕೆಟ್ಟವನಲ್ಲ. "ಇದು ನೀವೇ ಅಂತ ಆ ಮನೆಯ ಹಿರಿಯರು ಬರೆದುಕೊಟ್ರೆ ಸಾಕು. ಯಾರಿದ್ದಾರೆ?" ಎಂದ.

ಇರುವುದು ನಾಗಮ್ಮ ಅತ್ತಿಗೆ ಒಬ್ಬಳೇ. ಅವಳ ಹತ್ತಿರ ನಾನು ಮಾತು ಬಿಟ್ಟಿದ್ದೆ. ಅಣ್ಣನನ್ನು ಆಸ್ಪತ್ರೆಗೆ ತಡ ಮಾಡಿ ಒಯ್ದಳು ಎಂದು ಸಿಟ್ಟು. ಅವನ ಹನ್ನೆರಡನೆಯ ದಿನ ಹೋಗಿ, ಎಲೆ ಹಾಕಿದ ಮೇಲೆ ಊಟ ಮಾಡದೆ ಎದ್ದು ಬಂದಿದ್ದೆ. ಬಸ್ಸು ತಪ್ಪುತ್ತದೆ ಎಂದಿದ್ದೆ. ಬಸ್ಸು ಇತ್ತು. ಸತ್ತವನ ಮನೆಯಲ್ಲಿ ಆ ದಿನದ ಎಲೆ ಬಿಟ್ಟು ಏಳುವುದೆಂದರೆ ಸಂಬಂಧ ಸಾಕು ಎಂದ ಹಾಗೆ. ಅದು ಗೊತ್ತಿದ್ದೇ ಎದ್ದಿದ್ದೆ.

ಬೆಳಕೆಗೆ ಆಟೋದವನು ಇನ್ನೂರು ಕೇಳಿದ, ನೂರೈವತ್ತಕ್ಕೆ ಬಂದ. ಅತ್ತಿಗೆ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದಳು. ಬೆನ್ನು ಪೂರಾ ಬಾಗಿದೆ. ತಲೆ ಎತ್ತಿ ನೋಡಿದಳು.

"ಮಾದೇವಿಯನೇ? ಯಾರ್ ಸತ್ರು?"

"ಯಾರೂ ಸಾಯ್ಲಿಲ್ಲ. ನಿನ್ನ ಹೆಬ್ಬೆಟ್ಟು ಬೇಕು" ಎಂದು ವಿಷಯ ಹೇಳಿದೆ.

ಅವಳು ಮೆಣಸು ಕೈಯಾಡಿಸುತ್ತಲೇ ಕೇಳಿದಳು. ಆಮೇಲೆ, "ನಾ ಆಗ್ಲೇ ಹೇಳಿದ್ದೆ ಮಾರಾಯ್ತಿ. ಬರೆಯೂಕೆ ಬಂದವ್ರ ಎದುರಿಗೇ ಹೇಳ್ದೆ, ಅವ್ಳಿಗೆ ಗಂಡನ ಮನೆಲಿ ಬೇರೆ ಹೆಸ್ರು ಅಂತ. ನಿನ್ನ ಅಪ್ಪ ನನ್ನನ್ನೇ ಗದರಿದ್ರು. 'ಈ ಹೊಸ್ಲು ಒಳಗೆ ಅವ್ಳು ಮಾದೇವಿ' ಅಂದ್ರು" ಎಂದಳು.

ಅಪ್ಪ ಅಷ್ಟು ಮಾಡಿದ್ದು ನನಗೆ ಗೊತ್ತಿರಲಿಲ್ಲ. ಬದುಕಿದ್ದಾಗ ನನ್ನ ತಲೆ ಸವರಿದವರಲ್ಲ ಅವರು. ಪ್ರೀತಿಯಿಂದಲೇ ಬರೆಸಿದ್ದಿರಬಹುದು. ಆದರೂ ತಪ್ಪು ತಪ್ಪೇ, ಅದಕ್ಕೆ ಎರಡು ದಿನ ನಾನು ಬಸ್ಸು ಹತ್ತಿ ಇಳಿದೆ.

"ಹೆಬ್ಬೆಟ್ಟು ಒತ್ತು ಹಾಗಾದ್ರೆ, ಕಚೇರಿ ಮುಚ್ತದೆ" ಎಂದೆ.

"ಎಂತಕ್ಕೆ ಒತ್ತೂದು? ಈ ಮನೆಯವ್ಳು ಅಂತ ನಾ ಸಾಕ್ಷಿ ಹೇಳ್ಬೇಕು. ಈ ಮನೆಯವ್ಳು ನನ್ನ ಗಂಡನ ಹನ್ನೆರಡಕ್ಕೆ ಎಲೆ ಬಿಟ್ಟು ಎದ್ದು ಹೋದ್ಲು. ಊರೆಲ್ಲ ನೋಡ್ತು."

ಕ್ಷಮಿಸು ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ, ಬಂದರೂ ಅವಳು ನಂಬುತ್ತಿರಲಿಲ್ಲ. ಕಾಲು ತೊಳೆದುಕೊಂಡು ಒಳಗೆ ಹೋದೆ. ಅಡುಗೆಮನೆಯಲ್ಲಿ ಮಣೆ ನಾನೇ ಹಾಕಿಕೊಂಡು ಕುಳಿತೆ.

"ಬಡಿಸು" ಎಂದೆ.

ಅವಳು ಹಿತ್ತಲಿಗೆ ಹೋಗಿ ಬಾಳೆ ಎಲೆ ಕೊಯ್ದು ತಂದಳು. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಸೌತೆಕಾಯಿ. ಸಾರಿಗೆ ಉಪ್ಪು ಕಡಿಮೆಯಿತ್ತು, ಹೇಳಲಿಲ್ಲ. ಎರಡನೆಯ ಸಲ ಬಡಿಸಲು ಬಂದಾಗ ಬೇಡ ಎನ್ನಲಿಲ್ಲ. ಅವಳು ಎದುರಿಗೆ ಕುಳಿತು ನಾನು ಎಲೆ ಖಾಲಿ ಮಾಡುವ ತನಕ ನೋಡಿದಳು.

"ರಾತ್ರಿ ಎದೆನೋವು ಅಂತ ಅವ್ರು ಹೇಳ್ಲೇ ಇಲ್ಲ, ಮಾದೇವಿ. ಬೆಳಿಗ್ಗೆ ಹೇಳಿದ್ದು."

"ಆತು" ಎಂದೆ.

ಪಕ್ಕದ ಮನೆಯ ಮಾಸ್ತರರು ಕಾಗದ ಬರೆದುಕೊಟ್ಟರು. ಅತ್ತಿಗೆ ಹೆಬ್ಬೆಟ್ಟನ್ನು ಬಲವಾಗಿ ಒತ್ತಿದಳು, ಶಾಯಿ ಸುತ್ತ ಹರಡಿತು. ಕಾಗದವನ್ನು ಭಟ್ಕಳದ ಕಚೇರಿಗೆ ಒಯ್ದೆ, ಗುಮಾಸ್ತ ನೋಡಿ ಸರಿಯಿದೆ ಎಂದು ಮೊಹರು ಹಾಕಿದ. ಐದರ ಬಸ್ಸಿಗೆ ವಾಪಸು ಹೊರಟೆ. ಮಂಕಿಯ ಹತ್ತಿರ ಕಣ್ಣು ಹತ್ತಿತು. ಶರಾವತಿ ಸೇತುವೆ ಬಂದಾಗ ಎಚ್ಚರವಾಯಿತು.

ಗುರುವಾರ ಬೆಳಿಗ್ಗೆ ಅಂಗನವಾಡಿಗೆ ಹೋಗಿ ಕಾಗದ ಕೊಟ್ಟೆ. ಸವಿತಾ ಓದಿ, ಪೆನ್ನು ಹಿಡಿದು ಕೇಳಿದಳು, "ಹೊಸ ಪಟ್ಟಿಗೆ ಯಾವ ಹೆಸ್ರು ಬರೀಲಿ ಅಜ್ಜಿ? ಈಗ ಎರಡೂ ನಿಮ್ಮದೇ."

"ಗಿರಿಜಾ ಅಂತಲೇ ಬರಿ" ಎಂದೆ. "ಇಲ್ಲಿ ಅದೇ ಗೊತ್ತಿರೂದು. ಮಾದೇವಿ ಬೆಳಕೆಲೇ ಇರ್ಲಿ. ಅಲ್ಲಿ ಅವ್ಳಿಗೆ ಬಡಿಸುವವಳು ಒಬ್ಬಳು ಇದ್ದಾಳೆ."