ಅತಿಥಿ ಸಾಲಿಗೆ ಕುರ್ಚಿ ಆರಿಸಿದ್ದು

೨೦೦೬ರ ಡಿಸೆಂಬರ್ ತಿಂಗಳ ಮೊದಲ ಶನಿವಾರ, ಮಧ್ಯಾಹ್ನ ಮೂರೂವರೆ. ಅಂಕೋಲೆಯ ಆಟದ ಬಯಲಿನಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದ ಪೆವಿಲಿಯನ್. ಹಾಜರಿದ್ದವರು ನಾಲ್ವರು: ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದ ನಾನು, ಚಿತ್ತಾಕುಲದಿಂದ ಬಸ್ಸು ಹಿಡಿದು ಬಂದ ನನ್ನ ಅಣ್ಣ, ಕ್ರೀಡಾ ಸಮಿತಿಯ ಕಾರ್ಯದರ್ಶಿ, ಮತ್ತು ಮೂರು ಮಾದರಿಯ ಆಸನಗಳನ್ನು ಟೆಂಪೊದಲ್ಲಿ ಹೇರಿಕೊಂಡು ಬಂದ ಕಾರವಾರದ ಅಂಗಡಿಯವರು.

ಜನವರಿಯ ಕಬಡ್ಡಿ ಪಂದ್ಯಾವಳಿಯೊಳಗೆ ಅತಿಥಿಗಳ ಸಾಲಿಗೆ ಒಳ್ಳೆಯ ಆಸನ ಹಾಕಿಸಬೇಕಿತ್ತು. ಆರಿಸುವ ಕೆಲಸವನ್ನು ಸಮಿತಿ ನನಗೆ ಒಪ್ಪಿಸಿತ್ತು. ಅಂಗಡಿಯಲ್ಲಿ ಫ್ಯಾನಿನ ಕೆಳಗೆ ನಿಂತು, ಬಟ್ಟೆ ಸವರಿ ನೋಡಿ ಆರಿಸುವುದು ನನಗೆ ಒಗ್ಗದ ಕ್ರಮ. ಆಟ ನಡೆಯುವ ಜಾಗದಲ್ಲಿ, ಆಟ ನಡೆಯುವ ಹೊತ್ತಿನಲ್ಲಿ ಕೂತು ನೋಡಬೇಕು ಎಂದು ಹೇಳಿ ಸಾಮಾನು ತರಿಸಿದ್ದೆ.

ಅಣ್ಣನನ್ನು ಕರೆಸಿದ ಕಾರಣ ಬೇರೆ. ಹಿಂದಿನ ವರ್ಷ ಕಾರವಾರದ ಒಂದು ಸಮಾರಂಭದಲ್ಲಿ ಅವನನ್ನು ಹಳೆಯ ಆಟಗಾರನೆಂದು ಮೊದಲ ಸಾಲಿನ ಸೋಫಾದಲ್ಲಿ ಕೂರಿಸಿದ್ದರು. ರಾಷ್ಟ್ರಗೀತೆ ಶುರುವಾದಾಗ ಎಲ್ಲರೂ ಎದ್ದರು. ಅಣ್ಣ ಏಳಲು ನೋಡಿದ, ಆಗಲಿಲ್ಲ. ಮತ್ತೆ ನೋಡಿದ. ಇಬ್ಬರು ಸ್ವಯಂಸೇವಕರು ಓಡಿಬಂದು ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದರು. ಎದುರಾಳಿ ತಂಡವೆಲ್ಲ ಮೇಲೆ ಬಿದ್ದು ಹಿಡಿದರೂ ನಡುಗೆರೆ ಮುಟ್ಟಿಯೇ ತೀರುತ್ತಾನೆ ಎಂದು ಹೆಸರಾಗಿದ್ದವನು ಅವನು. ಅಂದಿನಿಂದ ಯಾವ ಬಯಲಿಗೂ ಕಾಲಿಟ್ಟಿರಲಿಲ್ಲ. ಜನವರಿಯ ಪಂದ್ಯಕ್ಕೆ ಬಾ ಎಂದರೆ, "ನನ್ನ ಎತ್ತೂಕೆ ಆಳು ಇಟ್ಕಂಡೀರೇನೊ?" ಎಂದು ಫೋನು ಇಟ್ಟುಬಿಟ್ಟಿದ್ದ.

ಮರುದಿನ ನಾನೇ ಫೋನು ಮಾಡಿದೆ. "ಅಣ್ಣ, ಆಟಕ್ಕೆ ಬರೂದು ಬೇಡ. ಬಂದು ಕೂತು, ಎದ್ದು ತೋರಿಸು. ಮೂರು ಖುರ್ಚಿ ತರಿಸ್ತೆ, ಒಂದೂ ಆಗ್ದಿದ್ರೆ ಇನ್ನೊಂದ್ಸಲ ಕರೀದಿಲ್ಲ."

ಹಾಗಾಗಿ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಕೊಡೆಯ ಮೇಲೆ ಭಾರ ಹಾಕಿ ನಡೆಯುತ್ತಿದ್ದನಾದರೂ ಅದನ್ನು ಬಿಸಿಲಿಗೆಂದೇ ತಂದವನ ಹಾಗೆ ಹಿಡಿದಿದ್ದ.

ಮೂರು ಆಸನಗಳನ್ನು ಬಯಲಿಗೆ ಮುಖ ಮಾಡಿ ಸಾಲಾಗಿ ಇಟ್ಟೆವು. ಕೆಂಪು ಮಖಮಲ್ಲಿನ ಸೋಫಾ ಒಂದು. ಚಕ್ರವಿರುವ ಎತ್ತರ ಬೆನ್ನಿನ ಕುರ್ಚಿ ಒಂದು. ಮೂರನೆಯದು ಕಬ್ಬಿಣದ ಕಾಲಿನ ಮೇಲೆ ನಿಂತ, ಎದ್ದರೆ ಮಡಚಿಕೊಳ್ಳುವ, ಮೆತ್ತೆ ಹಾಕಿದ ಆಸನ. ನೆಲಕ್ಕೆ ಬೋಲ್ಟು ಹಾಕುವ ಜಾತಿ ಅದು. ಸದ್ಯಕ್ಕೆ ಹಲಗೆಯೊಂದಕ್ಕೆ ಬಿಗಿದು ತಂದಿದ್ದರು. ಸೀಟಿ ಊದಿದಾಗಲೆಲ್ಲ ಜಾಗ ಬದಲಿಸುವುದೆಂದು ಹೇಳಿ ನಾನು ಮೊದಲ ಸೀಟಿ ಊದಿದೆ. ಕಾರ್ಯದರ್ಶಿ ಸೋಫಾದಲ್ಲಿ, ಅಣ್ಣ ಚಕ್ರದ ಕುರ್ಚಿಯಲ್ಲಿ, ನಾನು ಮಡಚುವ ಆಸನದಲ್ಲಿ ಕೂತೆವು. ಅಂಗಡಿಯವರು ಮೆಟ್ಟಿಲ ಮೇಲೆ ಕೂತು ಕಂಬಕ್ಕೆ ಒರಗಿದರು.

ಬಯಲು ಖಾಲಿ. ಸಮುದ್ರದ ಕಡೆಯ ಗಾಳಿ ಆ ಹೊತ್ತಿಗೆ ಏಳುತ್ತದೆ, ಎದ್ದಿತು. ಒಣಹುಲ್ಲು ಒಂದು ಕಡೆಗೆ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ದೂರದಲ್ಲಿ ಬೇಲೆಕೇರಿಗೆ ಅದಿರು ಹೊತ್ತ ಲಾರಿಗಳ ಸದ್ದು ಒಂದರ ಬಾಲಕ್ಕೆ ಒಂದು ಸೇರಿ ಒಂದೇ ಗುಂಯ್ ಆಗಿತ್ತು. ಏನೂ ನಡೆಯದ ಬಯಲನ್ನು ಮೂವರು ಕಣ್ಣಿಟ್ಟು ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ನನಗೆ ಅಲ್ಲಿ ಕಬಡ್ಡಿಯ ಗೆರೆಗಳು ಕಾಣತೊಡಗಿದವು.

ಬುಟ್ಟಿ ಹೊತ್ತು ಪೇಟೆಯಿಂದ ಮರಳುತ್ತಿದ್ದ ಮೀನು ಮಾರುವ ಹೆಂಗಸೊಬ್ಬಳು ಬೇಲಿಯಾಚೆ ನಿಂತಳು.

"ಮಾಸ್ತರ್ರೆ, ಎಂತಾ ಆಟ ನೋಡ್ತ್ರಿ? ಬಯಲಲ್ಲಿ ಒಂದು ದನಾನೂ ಇಲ್ಲ!"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಅರ್ಧ ಆಟ ಆಯ್ತು. ಈಗ ಚಾ ಕುಡೂಕೆ ಹೋಗೀರು" ಎಂದ.

"ಹೌದಾ? ಯಾರು ಮುಂದಿದ್ರು?"

"ನಾವೇ."

"ಹಂಗಾರೆ ಸೋಫಾದ ಮೇಲೆ ಮದುವೆ ಗಂಡಿನಂಗೆ ಕೂತಾರಲ್ಲ, ಅವ್ರು ಯಾರ ಕಡೆ?" ಎಂದು ಕಾರ್ಯದರ್ಶಿಯನ್ನು ತೋರಿಸಿ, ಉತ್ತರಕ್ಕೆ ಕಾಯದೆ ನಗುತ್ತ ಹೋದಳು.

ಪೆವಿಲಿಯನ್ನಿನ ನೆಲ ಮುಂಗಡೆಗೆ ಸ್ವಲ್ಪ ಇಳಿಜಾರು. ಮಳೆಗಾಲದ ನೀರು ಹರಿದುಹೋಗಲೆಂದು ನಮ್ಮ ಕಡೆ ಜಗಲಿಗೂ ಹಾಗೆಯೇ ಇಳಿಜಾರು ಕೊಡುತ್ತಾರೆ. ಅದು ಯಾರಿಗೂ ಹೊಳೆದಿರಲಿಲ್ಲ. ಅಣ್ಣನ ಕುರ್ಚಿ ಸದ್ದಿಲ್ಲದೆ ಮುಂದಕ್ಕೆ ಸರಿಯುತ್ತಿತ್ತು. ನಾನು ಕೈಚಾಚಿ ಹಿಡಿದೆ.

"ಬಿಡು ತಮಾ," ಅಂದ, ಕಣ್ಣು ಮುಚ್ಚಿಕೊಂಡೇ. "ಮಂಜಗುಣಿಯಲ್ಲಿ ಇಳಿತಕ್ಕೆ ದೋಣಿ ಬಿಟ್ಟಂಗೆ ಆಗ್ತದೆ."

ನನಗೂ ಹಾಗೆಯೇ ಆಯಿತು. ನಾವು ಹುಟ್ಟಿದ್ದು ಮಂಜಗುಣಿಯಲ್ಲಿ. ನೀರು ಇಳಿದಾಗ ಗಂಗಾವಳಿ ಹೊಳೆಯ ಬಾಯಲ್ಲಿ ಮರಳು ಎದ್ದು ಬರುತ್ತಿತ್ತು. ಅದರ ಮೇಲೆ ಹಿಮ್ಮಡಿಯಿಂದ ಗೆರೆ ಎಳೆದು ಆಡುತ್ತಿದ್ದೆವು. ಗೆಲುವು ಸೋಲು ತೀರ್ಮಾನವಾಗುವ ಮೊದಲೇ ಭರತದ ನೀರು ಬಂದು ಗೆರೆ ಅಳಿಸುತ್ತಿತ್ತು. ಅಣ್ಣ ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ, ಪಾದದಷ್ಟು ನೀರಿನಲ್ಲಿ, ಆಗಲೇ ಅಳಿಸಿಹೋದ ಗೆರೆಯ ಕಡೆಗೆ ಓಡಿಬರುವುದು ಕಾಣುತ್ತಿತ್ತು. ಒದ್ದೆ ಮರಳಿನ ವಾಸನೆ ಕೂಡ ಬಂತು ಎಂದರೆ ನಂಬಬೇಕು.

ಎಚ್ಚರಗೊಂಡು ಗಡಿಯಾರ ನೋಡಿದೆ. ಜಾಗ ಬದಲಿಸುವ ಹೊತ್ತು ಮೀರಿತ್ತು. ಸೀಟಿ ಊದಿದೆ.

ಸರಿಯುವ ಚಕ್ರದ ಕುರ್ಚಿಯನ್ನು ನಾನು ಹಿಡಿದು ನಿಂತ ಮೇಲೆಯೇ ಅಣ್ಣ ಅದರಿಂದ ಎದ್ದದ್ದು; ಆ ಇಳಿಜಾರಿಗೆ ಅದು ಆಗದು. ಸೋಫಾದ ಹತ್ತಿರ ಅವನು ಹೋಗಲಿಲ್ಲ. ಹೋಗೆಂದು ನಾನೂ ಹೇಳಲಿಲ್ಲ. ನಾನೇ ಅದರಲ್ಲಿ ಕೂತು ಎದ್ದು ನೋಡಿದೆ. ಮೆತ್ತೆ ಆಳವಾಗಿತ್ತು, ಅದು ಗೊತ್ತಿದ್ದದ್ದೇ. ಆದರೆ ತೊಡಕು ಮೆತ್ತೆಯದ್ದು ಮಾತ್ರವಲ್ಲ. ಸೋಫಾದ ಮುಂಭಾಗ ನೆಲದವರೆಗೂ ಮುಚ್ಚಿತ್ತು. ಏಳುವಾಗ ಹಿಮ್ಮಡಿ ಹಿಂದೆ ಸರಿಯಲು ಜಾಗವಿಲ್ಲ. ಒಂದು ಕಾಲು ಹಿಂದೆ ಹೋಗದೆ ಮನುಷ್ಯ ಮುಂದಕ್ಕೆ ಬಾಗಿ ಏಳಲಾರ. ಇದನ್ನೇ ನಾನು ಮಕ್ಕಳಿಗೆ ಓಟದ ಗೆರೆಯಲ್ಲಿ ಇಡೀ ವೃತ್ತಿಕಾಲ ಕಲಿಸಿದ್ದೆ. ಕೂತವನ ವಿಷಯದಲ್ಲಿ ಯೋಚಿಸಿರಲಿಲ್ಲ. ಮೇಲಾಗಿ ಸಮಾರಂಭದ ದಿನ ಸೋಫಾದ ಮುಂದೆ ಹೂದಾನಿ, ನೀರಿನ ಬಾಟ್ಲಿ ಇಟ್ಟ ಟೀಪಾಯಿ ಬೇರೆ ಬರುತ್ತದೆ.

ಮಡಚುವ ಆಸನದ ಕೆಳಗೆ ಖಾಲಿ ಜಾಗ. ಕೈಯೂರಲು ಗಟ್ಟಿ ತೋಳು. ಅಣ್ಣನನ್ನು ಅದರಲ್ಲಿ ಕೂರಿಸಿದೆ.

"ನಿನ್ನ ಬಲಗಾಲು ಹಿಂದೆ ತಕ್ಕ. ಇನ್ನೂ ಹಿಂದೆ."

"ನಂಗೆ ಕಲಿಸ್ತ್ಯಾ?"

ಕಾರ್ಯದರ್ಶಿಗೆ ಇದು ಎಲ್ಲಿಗೆ ಹೊರಟಿದೆ ಎಂದು ತಿಳಿಯಿತು. ಸೋಫಾಕ್ಕೆ ಮರಳಿ ಕೂತು ಹೇಳಿದ: "ಮಾಸ್ತರ್ರೆ, ದೊಡ್ಡ ದೊಡ್ಡವ್ರು ಬಂದು ಸಿನಿಮಾ ಖುರ್ಚಿಯಲ್ಲಿ ಕೂತ್ಕಳ್ತ್ರಾ? ನಾಳೆ ಊರವ್ರು ನನ್ನ ಮುಖಕ್ಕೆ ಉಗೀತ್ರು. ಮೊದಲ ಸಾಲು ಅಂದ್ರೆ ಸೋಫಾ, ಸೋಫಾ ಅಂದ್ರೆ ಮೊದಲ ಸಾಲು."

"ಆಗ್ಲಿ," ಎಂದೆ. "ಈಗ ರಾಷ್ಟ್ರಗೀತೆ ಶುರುವಾಯ್ತು ಅಂತ ತಿಳ್ಕೊಳ್ಳಿ. ಇಬ್ಬರೂ ಏಳಿ."

ಅಣ್ಣ ನನ್ನತ್ತ ತಿರುಗಿದ. ನಾನು ರಾಷ್ಟ್ರಗೀತೆಯ ಹೆಸರೆತ್ತಿ ಕೇಳುತ್ತೇನೆಂದು ಅವನು ಎಣಿಸಿರಲಿಲ್ಲ. ಆಗದಿದ್ದರೆ ಅವನು ಕೊಡೆ ಎತ್ತಿಕೊಂಡು ಬಸ್ಸಿಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಆದರೂ ಸೀಟಿ ಊದಿದೆ.

ಅಣ್ಣನ ಬಲ ಹಿಮ್ಮಡಿ ಆಸನದ ಕೆಳಗೆ ಸರಿಯಿತು. ದೀರ್ಘ ಉಸಿರೊಂದು ಎಳೆದುಕೊಂಡು ಬಾಯಿ ಮುಚ್ಚಿದ. ಎರಡೂ ಕೈ ಊರಿ ಮುಂದಕ್ಕೆ ಬಾಗಿದ. ನಿಧಾನವಾಗಿ, ಆದರೆ ನಡುವೆ ಎಲ್ಲೂ ನಿಲ್ಲದೆ, ಎದ್ದು ನಿಂತ. ಹಿಂದೆ ಆಸನ ಟಪ್ಪನೆ ಮಡಚಿಕೊಂಡಿತು. ಕೊಡೆ ನೆಲದ ಮೇಲೇ ಇತ್ತು.

ಕಾರ್ಯದರ್ಶಿ, ಅಣ್ಣನಿಗಿಂತ ಎಷ್ಟೋ ಚಿಕ್ಕವನು, ಹೊಟ್ಟೆ ಅಡ್ಡ ಬಂದು ಒಮ್ಮೆ ಎದ್ದು ಮತ್ತೆ ಕುಸಿದಿದ್ದ. ಅವನ ಬಿಳಿ ಪ್ಯಾಂಟಿಗೆ ಮಖಮಲ್ಲಿನಿಂದ ಅದಿರಿನ ಕೆಂಪು ಧೂಳು ಹತ್ತಿತ್ತು. ಲಾರಿಗಳು ಓಡಾಡುವ ಊರಲ್ಲಿ ಅಷ್ಟು ಹೊತ್ತಿಗೇ ಅಷ್ಟು ಧೂಳು ಕೂರುತ್ತದೆ.

ಅಣ್ಣ ನಿಂತಲ್ಲಿಂದಲೇ ಕೈ ಎತ್ತಿ, "ಔಟ್!" ಎಂದ.

ಮೆಟ್ಟಿಲ ಮೇಲಿದ್ದ ಅಂಗಡಿಯವರು ಗಡಬಡಿಸಿ ಎಚ್ಚರಾದರು. ಕಾರ್ಯದರ್ಶಿ ಮೊದಲು ಸಿಟ್ಟಾದ, ಆಮೇಲೆ ತನ್ನ ಪ್ಯಾಂಟು ನೋಡಿಕೊಂಡು ನಕ್ಕ. "ಆಯ್ತು ಮಾರಾಯ್ರೆ, ಇದೇ ಇರ್ಲಿ. ಬೆನ್ನಿಗೆ ಬಿಳಿ ಟವೆಲ್ ಹಾಕ್ಸ್ತೆ. ಟವೆಲ್ ಇದ್ರೆ ಎಲ್ಲಾ ಖುರ್ಚಿಯೂ ದೊಡ್ಡವ್ರದ್ದೇ." ಟೀಪಾಯಿ ಇಡುವುದಿಲ್ಲ ಎಂದೂ ನಾನು ಒಪ್ಪಿಸಿಕೊಂಡೆ.

ಅಣ್ಣ ಸಾಲು ಬರಲಿದ್ದ ಜಾಗದ ಉದ್ದಕ್ಕೂ ನಡೆದು ಹೋದ. ಬಡಗಣ ತುದಿಯ ಕಂಬದ ಹತ್ತಿರ ನಿಂತು ಬಯಲು ನೋಡಿದ.

"ತಮಾ, ಸಂಜೆ ಬಿಸಿಲು ಇಲ್ಲಿಗೆ ಬರ್ತದ್ಯಾ?"

"ಇಲ್ಲ. ಕಂಬದ ನೆರಳು ಬೀಳ್ತದೆ."

"ಹಂಗಾರೆ ಇಲ್ಲೊಂದು ಹಾಕು. ನಡೂಮಧ್ಯ ಬೇಡ, ಅಲ್ಲಿ ಭಾಷಣದವ್ರು ಕೂರ್ಲಿ."

ಸೋಫಾ ಮತ್ತು ಚಕ್ರದ ಕುರ್ಚಿಯನ್ನು ಟೆಂಪೊಗೆ ಏರಿಸಿ ಹಗ್ಗ ಕಟ್ಟಿದೆವು. ಅಂಗಡಿಯವರು ಕಾರವಾರಕ್ಕೆ ಹೊರಟರು. ಬೋಲ್ಟಿನ ಜಾಗಗಳಿಗೆ ಗುರುತು ಹಾಕುವುದು ಮಾತ್ರ ಉಳಿಯಿತು. ಸುಣ್ಣದಲ್ಲಿ ಅದ್ದಿದ ದಾರದ ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಅಣ್ಣ ಕಂಬಕ್ಕೆ ಒತ್ತಿ ಹಿಡಿದ. ಕಾರ್ಯದರ್ಶಿ ನಡುವೆ ಕೂತು ದಾರ ಮೀಟಿದ. ಗೆರೆ ಸೊಟ್ಟ ಎಂದು ಅಣ್ಣ ತಕರಾರು ತೆಗೆದ. ಒರೆಸಿ ಮತ್ತೆ ಹಾಕಿದೆವು. ಎರಡನೆಯ ಗೆರೆ ನೆಟ್ಟಗೆ ಬಂತು. ಅದರ ಮೇಲೆ ಅಳೆದು ಒಂದೊಂದೇ ಗುರುತು ಹಾಕುತ್ತ ಹೋಗಿ, ಕಂಬದ ಪಕ್ಕದ ಕೊನೆಯ ಗುರುತು ಹಾಕಿದಾಗ ಬೆಳಕು ಇನ್ನೂ ಸ್ವಲ್ಪ ಇತ್ತು.