ಕಣ್ಣಳತೆ ಮಾವನ ಬೇಲಿ

ಆ ಬೀದಿಯ ಮನೆಗಳ ಅಂಗಳಗಳನ್ನೆಲ್ಲ ನೋಡಿಕೊಳ್ಳುತ್ತಿದ್ದುದು ಒಬ್ಬ ಗಂಡ, ಒಬ್ಬ ಹೆಂಡತಿ. ಬೀದಿಯವರಿಗೆ ಅವರು ಮಾವ, ಅತ್ತೆ. ಮಾವ ಹುಲ್ಲು ಕತ್ತರಿಸುವವರು, ಗಿಡದ ಬೇಲಿಗಳ ತಲೆ ಸಮ ಮಾಡುವವರು. ಅತ್ತೆ ಹಿಂದಿನಿಂದ ಬಂದು, ಬಿದ್ದ ಎಲೆ ಕಡ್ಡಿ ಗುಡಿಸಿ ಚೀಲಕ್ಕೆ ತುಂಬುವವರು. ಬೇರೆ ತೋಟದ ಕೆಲಸದವರು ಬೇಲಿ ಕತ್ತರಿಸುವ ಮುಂಚೆ ಎರಡು ಗೂಟ ನೆಟ್ಟು ದಾರ ಎಳೆಯುತ್ತಾರೆ. ಮಾವ ದಾರ ಮುಟ್ಟಿದವರಲ್ಲ. ಒಂದು ಕಣ್ಣು ಕಿರಿದು ಮಾಡಿ ಬೇಲಿಯ ಉದ್ದಕ್ಕೂ ಒಮ್ಮೆ ನೋಡಿ ದೊಡ್ಡ ಕತ್ತರಿ ಎತ್ತಿದರೆ ಆಯಿತು, ಬೇಲಿಯ ಮೇಲೆ ತುಂಬಿದ ಲೋಟ ಇಟ್ಟರೂ ನೀರು ಚೆಲ್ಲುತ್ತಿರಲಿಲ್ಲ. ಅದಕ್ಕೇ ಅವರಿಗೆ ಕಣ್ಣಳತೆ ಮಾವ ಅಂತ ಹೆಸರು ಬಿದ್ದಿತ್ತು. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಎದೆ ತಾನಾಗಿ ಉಬ್ಬುತ್ತಿತ್ತು.

ಹೆಂಡತಿಯ ಮೇಲೆ ಅವರಿಗಿದ್ದ ದೂರು ಒಂದೇ, ನಿಧಾನ. ಮೂಲೆ ಮನೆಯ ನರ್ಸಮ್ಮನ ಬೇಲಿ ಮುಗಿಸಿ ಎದುರುಗಡೆಯ ಹಲ್ಲಿನ ಡಾಕ್ಟರ ಅಂಗಳದಲ್ಲಿ ಹುಲ್ಲಿನ ಮಿಷನ್ನು ಶುರು ಮಾಡಿ ಅರ್ಧ ಹುಲ್ಲು ಹೊಡೆದರೂ ಅತ್ತೆ ಇನ್ನೂ ನರ್ಸಮ್ಮನ ಬೇಲಿಯ ಹತ್ತಿರವೇ ಇರುತ್ತಿದ್ದರು. ಮಿಷನ್ನು ನಿಲ್ಲಿಸಿ ಮಾವ ಬೀದಿಗೆಲ್ಲ ಕೇಳಿಸುವ ಹಾಗೆ ಕೂಗುತ್ತಿದ್ದರು.

"ಗುಡಿಸೋದೂ ಒಂದು ಕೆಲಸಾನಾ? ಎಮ್ಮೆ ಥರ ಅಲ್ಲೇ ನಿಂತಿದೀಯಲ್ಲ!"

"ಬಂದೆ ರೀ, ಆಯ್ತು," ಅನ್ನುತ್ತಿದ್ದರು ಅತ್ತೆ.

ಹಲ್ಲಿನ ಡಾಕ್ಟರು ವರಾಂಡದಲ್ಲಿ ನಿಂತು ನಗುತ್ತಿದ್ದರು. ಅವರು ತನ್ನ ಜೊತೆ ನಗುತ್ತಿದ್ದಾರೆ ಅಂತ ಮಾವನೂ ನಗುತ್ತಿದ್ದರು.

ಒಂದು ದಿನ ಅತ್ತೆ ಬಚ್ಚಲ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಪಾದ ಊದಿ ಚಪ್ಪಲಿಗೆ ಹಿಡಿಸದಾಯಿತು. "ಇವತ್ತು ಬೇಲಿ ಬಿಡಿ ರೀ, ಹುಲ್ಲು ಒಂದೇ ಹೊಡ್ಕೊಂಡು ಬನ್ನಿ," ಅಂದರು ಅತ್ತೆ. ಮಾವ ಕೇಳಲಿಲ್ಲ. ಗುಡಿಸುವವಳಿಲ್ಲ ಅಂತ ಬೇಲಿ ಬಿಡುವುದುಂಟೆ? ಕತ್ತರಿ ಹೆಗಲಿಗೇರಿಸಿ ಒಬ್ಬರೇ ಹೋದರು. ನರ್ಸಮ್ಮನ ಬೇಲಿ ಕತ್ತರಿಸಿದರು, ತಾವೇ ಗುಡಿಸಿದರು, ಚೀಲ ಕಟ್ಟಿದರು.

ನರ್ಸಮ್ಮ ಆಸ್ಪತ್ರೆ ಕೆಲಸದಿಂದ ನಿವೃತ್ತಿಯಾದವರು, ಬಾಯಿ ಸ್ವಲ್ಪ ಸಡಿಲ. ಹೊರಗೆ ಬಂದು ಬೇಲಿ ನೋಡಿ, "ಏನ್ ಮಾವ, ಅರ್ಧಕ್ಕೇ ಬಿಟ್ಟು ಹೊರಟ್ರಾ?" ಅಂದರು.

"ಅರ್ಧ ಎಲ್ಲಿ ತಾಯಿ? ಎಲ್ಲಾ ಮುಗೀತಲ್ಲ."

"ಅತ್ತೆ ಬಂದು ಸರಿ ಮಾಡಲ್ವಾ?" ಅಂದವರೇ ನರ್ಸಮ್ಮ ನಾಲಿಗೆ ಕಚ್ಚಿಕೊಂಡರು.

"ಏನು ಸರಿ ಮಾಡೋದು?"

"ಅದೇ... ಕಸ."

"ಕಸ ನಾನೇ ಗುಡಿಸಿದೀನಿ. ಏನು ಸರಿ ಮಾಡ್ತಾಳೆ ಅವಳು?"

ನರ್ಸಮ್ಮನ ಕಣ್ಣು ಬೇಲಿಯ ತಲೆಯ ಕಡೆ ಹೋಯಿತು. ಮಾವ ರಸ್ತೆ ದಾಟಿ ಡಾಕ್ಟರ ಗೇಟಿಗೆ ಬೆನ್ನು ಕೊಟ್ಟು ನಿಂತು ನೋಡಿದರು. ಹತ್ತಿರದಿಂದ ಕಾಣದ್ದು ಅಲ್ಲಿಂದ ಕಂಡಿತು. ಬೇಲಿಯ ಹಿಂದೆ ನರ್ಸಮ್ಮನ ಮನೆ ಕಿಟಕಿಯ ಕೆಳಗಿನ ಅಂಚು ನೇರವಾಗಿತ್ತು. ಅದರ ಮುಂದೆ ಬೇಲಿ ಮಾತ್ರ, ಹೊಟ್ಟೆ ಬಂದವನ ಬೆಲ್ಟಿನ ಹಾಗೆ ಒಂದು ಕಡೆ ಜೋತುಬಿದ್ದಿತ್ತು. ನಡುವೆ ಒಂದು ಗುಣಿ ಬೇರೆ.

"ಎಷ್ಟು ದಿನದಿಂದ ತಾಯಿ?" ಈ ಕಡೆಗೆ ವಾಪಸು ಬಂದು ಕೇಳಿದರು ಮಾವ.

"ಆಗಿರಬೇಕು ಎರಡು ವರ್ಷ," ಅಂದರು ನರ್ಸಮ್ಮ ತಲೆ ತಗ್ಗಿಸಿ. "ನೀವು ಆ ಕಡೆ ಮಿಷನ್ನು ಹಾಕೋದನ್ನೇ ಕಾಯ್ತಾರೆ ಅತ್ತೆ. ಸದ್ದಲ್ಲಿ ಕತ್ತರಿ ಕೇಳಿಸಲ್ಲ ನೋಡಿ. ಬಕೆಟ್ ಬೋರಲು ಹಾಕ್ಕೊಂಡು ಹತ್ತಿ, ಚಿಕ್ಕ ಕತ್ತರೀಲಿ ಸರಿ ಮಾಡ್ತಾರೆ. ಯಾರೂ ಹೇಳಬಾರದು ಅಂತ ನಮ್ಮೆಲ್ಲರ ಹತ್ರ ಮಾತು ತಗೊಂಡಿದಾರೆ."

ನಮ್ಮೆಲ್ಲರ ಹತ್ರ. ಮಾವನಿಗೆ ಕಿವಿ ಬಿಸಿಯಾಯಿತು. ಕಣ್ಣು ಮಂಜಾಗಿದೆ ಅನ್ನುವುದು ಅವರಿಗೆ ಗೊತ್ತಿಲ್ಲದ್ದಲ್ಲ. ಕಣ್ಣಿನ ಆಸ್ಪತ್ರೆಗೆ ಹೋಗೋಣ ಅಂತ ಅತ್ತೆ ಅಂದಾಗಲೆಲ್ಲ ಹಾರಿಬೀಳುತ್ತಿದ್ದವರು ಅವರೇ. ಬೇಲಿ ಸೊಟ್ಟಗಾಗಿದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆ ಎಮ್ಮೆ ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು. ತನ್ನ ಮಾನ ಉಳಿಸಲು ಬಕೆಟ್ಟಿನ ಮೇಲೆ ನಿಂತವಳನ್ನು, ನಿಂತಿದ್ದಕ್ಕೇ ಬೀದಿಯ ಮುಂದೆ ಬೈದಿದ್ದರು. ಡಾಕ್ಟರು ಯಾವುದಕ್ಕೆ ನಗುತ್ತಿದ್ದರು ಅನ್ನುವುದೂ ಈಗ ತಿಳಿಯಿತು. ಹೆಂಡತಿಯ ಹೆಬ್ಬೆರಳ ಬೊಬ್ಬೆ ನೋಡಿದ್ದರು. ಪೊರಕೆಯದ್ದಿರಬೇಕು ಅಂದುಕೊಂಡಿದ್ದರು. ಕೇಳಿರಲಿಲ್ಲ.

ಹುಲ್ಲು ಹೊಡೆಯದೆಯೇ ಮನೆಗೆ ಹೋದರು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಗಂಡನ ಮುಖ ನೋಡಿದವರೇ, "ನರ್ಸಮ್ಮ ಬಾಯಿ ಬಿಟ್ರಾ?" ಅಂದರು.

"ನಿಂಗೆ ಹೇಳಕ್ಕೇನಾಗಿತ್ತು?"

"ಹೇಳಿದ್ರೆ ಕತ್ತರಿ ಕೆಳಗಿಡ್ತಿದ್ರಿ. ಆಮೇಲೆ ಮನೇಲಿ ಕೂತು ನಾನು ಹೆಚ್ಚೋ ತರಕಾರಿ ಅಳೀತಿದ್ರಿ. ಯಾರಿಗ್ರೀ ಬೇಕು ಆ ಕಾಟ?"

ಮಾವನಿಗೆ ನಗು ಬರಲಿಲ್ಲ. ಗೋಡೆಯ ಕಡೆ ತಿರುಗಿ ಕೇಳಿದರು, "ಬೈತಿದ್ನಲ್ಲ, ಆಗ?"

"ಕೇಳಿಸ್ಕೊತಿದ್ದೆ," ಅಂದರು ಅತ್ತೆ. "ಎಮ್ಮೆ ಅಂದಿದ್ದು ಬೇಡವಾಗಿತ್ತು. ಡಾಕ್ಟ್ರು ನಿಂತಿದ್ರು."

ತಪ್ಪಾಯಿತು ಅನ್ನಲು ಮಾವನಿಗೆ ನಾಲಿಗೆ ಹೊರಳಲಿಲ್ಲ. ಅದರ ಬದಲು, "ಆ ಬೀದಿ ಬಿಟ್ಬಿಡೋಣ ಕಣೆ. ಬೇರೆ ಬೀದಿ ನೋಡ್ತೀನಿ, ನಮ್ಮನ್ನ ಯಾರೂ ಅರೀದೇ ಇರೋದು," ಅಂದರು.

"ಬೀದಿ ಹೊಸದು ಸಿಗತ್ತೆ. ಕಣ್ಣು ಅದೇ ಅಲ್ವಾ?" ಅಂದರು ಅತ್ತೆ. "ನೀವು ಎಲ್ಲಿಗಾದ್ರೂ ಹೋಗಿ. ನಾನು ಬರಲ್ಲ. ಎರಡು ವರ್ಷ ನಾನು ಕಾಪಾಡಿದ ಬೇಲಿ ಅದು."

ಕಾಲಿನ ಊತ ಇಳಿಯುವವರೆಗೂ ಮಾವ ಕೆಲಸಕ್ಕೆ ಹೋಗಲಿಲ್ಲ. ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಪೊರೆ ತೆಗೆಯಲು ಇನ್ನೂ ಕಾಯಬೇಕು ಅಂದರಂತೆ. ಅದನ್ನು ಹೆಂಡತಿಗೆ ಹೇಳಿದ್ದೂ ಮುಖ ನೋಡದೆಯೇ.

ಮತ್ತೆ ಇಬ್ಬರೂ ಹೋದ ಬೆಳಿಗ್ಗೆ ಡಾಕ್ಟರು ವರಾಂಡದಲ್ಲೇ ಇದ್ದರು. ಮಾವನ ಹೆಜ್ಜೆ ಅಲ್ಲೇ ನಿಂತಿತು. ಒಂದು ಗಳಿಗೆ, ಹಾಗೇ ಹಿಂದಕ್ಕೆ ತಿರುಗಿಬಿಡುತ್ತಾರೇನೋ ಅನ್ನಿಸಿತು ಅತ್ತೆಗೆ. ಮಾವ ತಿರುಗಲಿಲ್ಲ. ನರ್ಸಮ್ಮನ ಬೇಲಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿದರು, "ಪೊರಕೆ ಇಡು. ರಸ್ತೆ ಆ ಕಡೆ ನಿಂತ್ಕೊಂಡು ನೋಡು. ನಂಗೆ ಕಾಣಲ್ಲ. ನೀನು ಹೇಳು, ನಾನು ಕತ್ತರಿಸ್ತೀನಿ."

"ಮೆಲ್ಲಗೆ ಮಾತಾಡಿ ರೀ," ಅತ್ತೆಯ ಮುಖ ಕೆಂಪಾಯಿತು. "ಡಾಕ್ಟ್ರು ಅಲ್ಲೇ ಇದಾರೆ."

"ಇರ್ಲಿ. ನಾನು ಬೈದಾಗ್ಲೂ ಇದ್ರು."

ಅತ್ತೆ ಕುಂಟುತ್ತಾ ರಸ್ತೆ ದಾಟಿ ಡಾಕ್ಟರ ಗೇಟಿನ ಮುಂದೆ ನಿಂತರು. ಮೊದಲು ಕೈಯಲ್ಲೇ ತೋರಿಸಿದರು. ಬೇಲಿಯ ಕಡೆ ಮುಖ ಮಾಡಿದ್ದ ಮಾವನಿಗೆ ಕೈ ಕಾಣಲಿಲ್ಲ. "ಬಾಯಿ ಬಿಟ್ಟು ಹೇಳೇ," ಅಂದರು.

"ಎಡಗಡೆ ಎತ್ತರ ಆಯ್ತು."

"ಹೂಂ."

"ಇನ್ನೂ ತೆಗೀರಿ. ಅಲ್ಲಲ್ಲ, ಅದು ಜಾಸ್ತಿ ಆಯ್ತು."

"ಹೂಂ," ಅಂದರು ಮಾವ. ಡಾಕ್ಟರು ನಕ್ಕರೋ ಇಲ್ಲವೋ ಅಂತ ತಿರುಗಿ ನೋಡಲು ಅವರಿಗೆ ಧೈರ್ಯವಾಗಲಿಲ್ಲ. ಕುತ್ತಿಗೆಯವರೆಗೂ ಸುಡುತ್ತಿತ್ತು. ಕತ್ತರಿ ಮಾತ್ರ ಅತ್ತೆ ಹೇಳಿದಲ್ಲಿಗೆ ಹೋಗುತ್ತಿತ್ತು.