ಪರದೆಯಲ್ಲಿ ಸಿಗದ ಕೈಮದ್ದು

ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ನಾನು ಮಡಿಕೇರಿಯ ಸ್ಕ್ಯಾನಿಂಗ್ ಕೋಣೆಯಲ್ಲಿ ಮಲಗಿದ್ದರೆ, ನನ್ನತ್ತೆ ಪರದೆಗೆ ಮೂಗು ತಾಗಿಸಿ ಪಕ್ಕದ ಮನೆಯ ಲೀಲಕ್ಕನ ವಿರುದ್ಧ ಸಾಕ್ಷಿ ಹುಡುಕುತ್ತಿದ್ದರು. ಲೀಲಕ್ಕ ಕೊಟ್ಟ ಅಕ್ಕಿತರಿಯ ಉಂಡೆ, ಕಡಂಬುಟ್ಟು ತಿಂದ ಮೇಲೆಯೇ ನನಗೆ ಸಂಜೆಜ್ವರ, ಹೊಟ್ಟೆಯುಬ್ಬರ ಶುರುವಾಗಿತ್ತು. ಅದರೊಳಗೆ ಕೇಡು ಬಯಸಿ ಗುಟ್ಟಾಗಿ ತಿನ್ನಿಸುವ ಕೈಮದ್ದು ಬೆರೆಸಿದ್ದಾರೆಂದು ತೀರ್ಮಾನಿಸಿದ್ದ ಅತ್ತೆ, ಆ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ.

"ಆ ಕಪ್ಪಗೆ ಕಾಣ್ತಾ ಇರೋದೇ ಮದ್ದಲ್ವಾ ಡಾಕ್ಟ್ರೇ?"

"ಅದು ಹೊಟ್ಟೇಲಿ ತುಂಬಿರೋ ನೀರಮ್ಮ. ಗಂಟುಗಳೂ ಊದಿವೆ. ಟಿಬಿ ಇರಬಹುದು, ಸ್ಯಾಂಪಲ್ ತೆಗೆದು ನೋಡೋಣ."

"ಟಿಬಿನಾ? ಇವ್ಳು ಒಂದಿನ ಕೆಮ್ಮಿದವಳಲ್ಲ" ಎಂದು ಅತ್ತೆ ವಾದಕ್ಕಿಳಿದರು. ಅದು ಹೊಟ್ಟೆಗೂ ಬರುತ್ತದೆಂದು ವೈದ್ಯರು ವಿವರಿಸಿದಾಗ, ಅತ್ತೆಯ ಮುಖದಲ್ಲಿ ಕೇಸು ಸೋತ ವಕೀಲರ ಕಳೆಯಿತ್ತು.

ಪರೀಕ್ಷೆಯಲ್ಲಿ ಟಿಬಿಯೇ ಎಂದು ಖಚಿತವಾಯಿತು. ತಿಂಗಳುಗಟ್ಟಲೆ ಮಾತ್ರೆ ನುಂಗಿ ನಾನು ಗುಣವಾದೆ. ಅತ್ತೆ ಕ್ಷಮೆ ಕೇಳುವವರಲ್ಲ. ಒಂದು ಬೆಳಿಗ್ಗೆ ಸೀದಾ ಹೋಗಿ ಲೀಲಕ್ಕನ ಜಗಲಿಯಲ್ಲಿ ಕೂತು, "ಈಗೀಗ ಕಡಂಬುಟ್ಟು ಮಾಡೋದೇ ಇಲ್ವಾ?" ಎಂದರು.

ಲೀಲಕ್ಕ ಬಿಸಿ ಕಡಂಬುಟ್ಟು ತಂದರು. ಒಂದನ್ನು ಎರಡಾಗಿ ಮುರಿದು, ಅರ್ಧವನ್ನು ಅತ್ತೆಯ ಕಣ್ಣೆದುರೇ ತಾವು ತಿಂದು, ಉಳಿದರ್ಧವನ್ನು ನಗುತ್ತಾ ಅವರ ತಟ್ಟೆಗೆ ಹಾಕಿದರು.